‘ತೀರ್ಪು ತಪ್ಪು’ ಅನ್ನುವುದು ಬೇರೆ, ‘ಕೇಳೋಕೆ ನೀವ್ಯಾರು’ ಅನ್ನುವುದು ಬೇರೆ

ಓದುಗರ ಪ್ರಶ್ನೆ: ನಾನು ಕಾನೂನು ವಿದ್ಯಾರ್ಥಿನಿ. ಒಂದು ದೇಶಕ್ಕೆ ಸಂವಿಧಾನ ಇದೆ, ಜನ ಆರಿಸಿದ ಸಂಸತ್ತು ಇದೆ, ಸ್ವತಂತ್ರ ಸುಪ್ರೀಂ ಕೋರ್ಟೂ ಇದೆ. ಅದರ ಮೇಲೆ ಅಂತರರಾಷ್ಟ್ರೀಯ ಮಾನವ ಹಕ್ಕು ಕೋರ್ಟುಗಳಲ್ಲಿ ಹೊರಗಿನ ಏಳು ಅಥವಾ ಹದಿನೇಳು ಜಡ್ಜ್‌ಗಳು ಕೂತು ‘ನಿಮ್ಮ ಕಾನೂನು ಮಾನವ ಹಕ್ಕಿಗೆ ವಿರುದ್ಧ’ ಅನ್ನುತ್ತಾರೆ. ಅವರಿಗೆ ಜನ ಓಟು ಹಾಕಿಲ್ಲ. ತೀರ್ಪು ಜಾರಿ ಮಾಡಲು ಅವರ ಹತ್ತಿರ ಪೊಲೀಸರೂ ಇಲ್ಲ. ಈಚೆಗೆ ಯುರೋಪಿನ ಸರಕಾರಗಳೇ ಅಲ್ಲಿನ ಮಾನವ ಹಕ್ಕು ಕೋರ್ಟ್ ಅತಿ ಮಾಡುತ್ತಿದೆ ಅನ್ನುತ್ತಿವೆ. ಹಾಗಾದರೆ ಇಂಥ ಕೋರ್ಟುಗಳಿಗೆ ಅಧಿಕಾರ ಎಲ್ಲಿಂದ ಬಂತು? ಈ ಟೀಕೆಯಲ್ಲಿ ಹುರುಳಿದೆಯೇ?

ಉತ್ತರ: ಟೀಕೆಯಲ್ಲಿ ಹುರುಳಿದೆ. ಕೆಲವು ಕಡೆ ಜಾಸ್ತಿಯೇ ಇದೆ. ಆದರೆ ‘ಇವಕ್ಕೆ ಅಧಿಕಾರವೇ ಇಲ್ಲ’ ಅನ್ನುವುದನ್ನು ನಾನು ಒಪ್ಪುವುದಿಲ್ಲ. ನಿಮ್ಮ ಪ್ರಶ್ನೆಯೊಳಗೆ ಎರಡು ದೂರುಗಳು ಹೆಣೆದುಕೊಂಡಿವೆ. ‘ಈ ತೀರ್ಪು ತಪ್ಪು’ ಅನ್ನುವುದು ಒಂದು. ‘ನಮ್ಮನ್ನು ಕೇಳೋಕೆ ನೀವ್ಯಾರು’ ಅನ್ನುವುದು ಇನ್ನೊಂದು. ಮೊದಲನೆಯದನ್ನು ಯಾವ ಕೋರ್ಟಿಗೂ ಹೇಳಬಹುದು, ಹೇಳಬೇಕು ಕೂಡ. ಎರಡನೆಯದನ್ನು ಹೇಳುವಾಗ ಮಾತ್ರ ಹೇಳುತ್ತಿರುವವರು ಯಾರು, ಯಾವ ಪ್ರಕರಣದ ಬೆನ್ನಿಗೆ ಹೇಳುತ್ತಿದ್ದಾರೆ ಅಂತ ನೋಡಬೇಕಾಗುತ್ತದೆ.

ಮೊದಲು ಯಾವ ಕೋರ್ಟುಗಳ ಬಗ್ಗೆ ಮಾತಾಡುತ್ತಿದ್ದೇವೆ ಅನ್ನುವುದು ಸ್ಪಷ್ಟವಾಗಿರಲಿ. ಹೇಗ್‌ನಲ್ಲಿರುವ ಎರಡು ದೊಡ್ಡ ಕೋರ್ಟುಗಳು ಇದರಲ್ಲಿ ಬರುವುದಿಲ್ಲ. ಅವುಗಳಲ್ಲಿ ಒಂದು ದೇಶ-ದೇಶಗಳ ವ್ಯಾಜ್ಯಕ್ಕೆ, ಇನ್ನೊಂದು ಯುದ್ಧಾಪರಾಧದಂಥ ಅಪರಾಧ ಮಾಡಿದ ವ್ಯಕ್ತಿಗಳ ವಿಚಾರಣೆಗೆ. ಮಾನವ ಹಕ್ಕಿಗೆಂದೇ ಇರುವ ಪ್ರಾದೇಶಿಕ ಕೋರ್ಟುಗಳು ಮೂರು. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಯುರೋಪಿನದು, 1959ರಿಂದ. ಕೋಸ್ಟರಿಕಾದ ಸಾನ್ ಹೊಸೆಯಲ್ಲಿ ಇಂಟರ್-ಅಮೆರಿಕನ್ ಕೋರ್ಟು, 1979ರಿಂದ. ತಾಂಜಾನಿಯಾದ ಅರುಷಾದಲ್ಲಿ ಆಫ್ರಿಕಾದ್ದು. ಏಷ್ಯಾಕ್ಕೆ ಇಂಥ ಕೋರ್ಟೇ ಇಲ್ಲ. ಸ್ಟ್ರಾಸ್‌ಬರ್ಗ್ ಕೋರ್ಟು ಯುರೋಪಿಯನ್ ಯೂನಿಯನ್ನಿನದು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಅದು ಕೌನ್ಸಿಲ್ ಆಫ್ ಯುರೋಪ್ ಅನ್ನುವ ಬೇರೆ ಸಂಸ್ಥೆಯದು, ಅದರಲ್ಲಿ ಈಗ 46 ದೇಶಗಳಿವೆ. ಬ್ರಿಟನ್ ಯೂನಿಯನ್ ಬಿಟ್ಟರೂ ಈ ಕೋರ್ಟಿನ ಕೆಳಗೇ ಇದೆ.

ಈಗ ಅಧಿಕಾರದ ವಿಷಯ. ಈ ಕೋರ್ಟುಗಳು ಯಾರ ಮನೆಗೂ ಕರೆಯದೆ ಬಂದವಲ್ಲ. ಯುರೋಪಿನ ಮಾನವ ಹಕ್ಕು ಒಪ್ಪಂದಕ್ಕೆ 1950ರಲ್ಲಿ ರೋಮ್‌ನಲ್ಲಿ ಸಹಿ ಬಿತ್ತು. ಅದನ್ನು ಎಲ್ಲರಿಗಿಂತ ಮೊದಲು, 1951ರಲ್ಲಿ, ಅಂಗೀಕರಿಸಿದ ದೇಶ ಬ್ರಿಟನ್. ಆದರೂ ತನ್ನ ಪ್ರಜೆಗಳು ನೇರವಾಗಿ ದೂರು ಕೊಡಬಹುದು ಅಂತ ಅದು ಒಪ್ಪಿದ್ದು 1966ರಲ್ಲಿ. ಫ್ರಾನ್ಸ್ ಇನ್ನೂ ನಿಧಾನ. ಒಪ್ಪಂದವನ್ನು ಅಂಗೀಕರಿಸಿದ್ದು 1974ರಲ್ಲಿ, ಪ್ರಜೆಗಳ ದೂರಿಗೆ ಒಪ್ಪಿದ್ದು 1981ರಲ್ಲಿ. ಅಂದರೆ ಸರಕಾರಗಳು ಯೋಚನೆ ಮಾಡಿ, ಅಳೆದು ಸುರಿದು, ವರ್ಷಗಟ್ಟಲೆ ತಡ ಮಾಡಿ ಒಳಗೆ ಬಂದಿವೆ. ಗೊತ್ತಿಲ್ಲದೆ ಸಿಕ್ಕಿಬಿದ್ದೆವು ಅಂತ ಹೇಳುವ ಹಾಗಿಲ್ಲ.

ಯಾವ ಸರಕಾರವಾದರೂ ತನ್ನ ಕೈಯನ್ನು ತಾನೇ ಯಾಕೆ ಕಟ್ಟಿಕೊಳ್ಳುತ್ತದೆ? ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು ಅಂತ ನಮ್ಮಲ್ಲಿ ಕೇಳುತ್ತೇವಲ್ಲ, ಆ ಪ್ರಶ್ನೆ ಯುರೋಪಿಗೆ 1945ರಲ್ಲಿ ಎದುರಾಗಿತ್ತು. ಲ್ಯಾಟಿನ್ ಅಮೆರಿಕಕ್ಕೆ ಸೇನಾ ಆಡಳಿತಗಳು ಬಿದ್ದ ಮೇಲೆ ಎದುರಾಯಿತು. ಪೊಲೀಸರೇ ಎತ್ತಿಕೊಂಡು ಹೋದಾಗ, ಸ್ಥಳೀಯ ಜಡ್ಜ್ ಹೆದರಿ ಕೂತಾಗ, ಸಂಸತ್ತು ಬೀಗ ಹಾಕಿಕೊಂಡಾಗ ಹೋಗಲು ಇನ್ನೊಂದು ಬಾಗಿಲು ಇರಲಿ ಅನ್ನುವುದು ಆಸೆ. ಒಳ್ಳೆಯ ದಿನಗಳಲ್ಲಿ ಕೊಟ್ಟ ಒಪ್ಪಿಗೆ ಅದು, ಕೆಟ್ಟ ದಿನಗಳಿಗಾಗಿ ಕೊಟ್ಟದ್ದು. ಹಾಗಿರುವಾಗ ತೀರ್ಪು ತನಗೆ ಕಹಿಯಾದ ದಿನ ‘ನಾನು ಒಪ್ಪಿಲ್ಲ’ ಅಂದರೆ ಆ ಒಪ್ಪಿಗೆಗೆ ಏನು ಅರ್ಥ ಉಳಿಯಿತು?

ಓಟಿನ ಮಾತೂ ಪೂರ್ತಿ ಸರಿಯಲ್ಲ. ಯುರೋಪಿನಲ್ಲಿ ಪ್ರತಿ ದೇಶ ಮೂರು ಹೆಸರು ಕಳಿಸುತ್ತದೆ. ಸದಸ್ಯ ದೇಶಗಳ ಸಂಸದರೇ ಕೂತಿರುವ ಒಂದು ಸಭೆ ಅದರಲ್ಲಿ ಒಬ್ಬರನ್ನು ಮತ ಹಾಕಿ ಆರಿಸುತ್ತದೆ. ಒಂಬತ್ತು ವರ್ಷ, ಒಂದೇ ಅವಧಿ. ಇನ್ನೊಮ್ಮೆ ಆರಿಸಿ ಬರಬೇಕು ಅನ್ನುವ ಆಸೆ ಇಲ್ಲದ ಕಾರಣ ತನ್ನ ಸರಕಾರವನ್ನು ಮೆಚ್ಚಿಸುವ ಅಗತ್ಯವೂ ಇಲ್ಲ. ಬಹುತೇಕ ದೇಶಗಳ ಸುಪ್ರೀಂ ಕೋರ್ಟ್ ಜಡ್ಜ್‌ಗಳಿಗೂ ಜನ ನೇರವಾಗಿ ಓಟು ಹಾಕುವುದಿಲ್ಲ, ಅಲ್ವಾ? ಇನ್ನೊಂದು ಮಾತು. ಈ ಕೋರ್ಟುಗಳಿಗೆ ಸುಮ್ನೆ ಹೋಗಲು ಆಗುವುದಿಲ್ಲ. ಮೊದಲು ಸ್ವಂತ ದೇಶದ ಕೋರ್ಟುಗಳ ಮೆಟ್ಟಿಲು ಹತ್ತಿ ಮುಗಿಸಿರಬೇಕು. ಸ್ಟ್ರಾಸ್‌ಬರ್ಗ್‌ಗೆ ಬರುವ ಹತ್ತು ಅರ್ಜಿಗಳಲ್ಲಿ ಒಂಬತ್ತಕ್ಕಿಂತ ಜಾಸ್ತಿ ಬಾಗಿಲಲ್ಲೇ ವಾಪಸ್ ಹೋಗುತ್ತವೆ.

ಇಲ್ಲಿಯವರೆಗೆ ಸುಲಭ. ಗಟ್ಟಿಯಾದ ಟೀಕೆ ಇದರ ನಂತರ ಶುರುವಾಗುತ್ತದೆ. ‘ನಾವು ಒಪ್ಪಿದ್ದು 1950ರ ಒಪ್ಪಂದಕ್ಕೆ. ಈಗ ನೀವು ಅದರೊಳಗೆ ಓದುತ್ತಿರುವುದು ಬರೆದವರ ಕನಸಿನಲ್ಲೂ ಇರದ ವಿಷಯ’ ಅನ್ನುವುದು ಆ ಟೀಕೆ. ಇದನ್ನು ಹಗುರವಾಗಿ ತಳ್ಳಿಹಾಕುವ ಹಾಗಿಲ್ಲ. 1978ರ ಟೈರರ್ ಪ್ರಕರಣ ನೋಡಿ. ಬ್ರಿಟನ್ನಿಗೆ ಸೇರಿದ ಐಲ್ ಆಫ್ ಮ್ಯಾನ್ ದ್ವೀಪದಲ್ಲಿ 15 ವರ್ಷದ ಹುಡುಗನೊಬ್ಬನಿಗೆ ಕೋರ್ಟು ಬರ್ಚ್ ಮರದ ಕಡ್ಡಿಗಳಿಂದ ಮೂರು ಏಟಿನ ಶಿಕ್ಷೆ ಕೊಟ್ಟಿತ್ತು. ದ್ವೀಪದ ಜನ ಈ ಶಿಕ್ಷೆ ಬೇಕೆಂದೇ ಹೇಳುತ್ತಿದ್ದರು. 1950ರಲ್ಲಿ ಇದನ್ನು ಹೆಚ್ಚಿನವರು ‘ಅವಮಾನಕರ ಶಿಕ್ಷೆ’ ಅಂದುಕೊಂಡಿರಲಿಲ್ಲ. ಸ್ಟ್ರಾಸ್‌ಬರ್ಗ್ ಮಾತ್ರ ಒಪ್ಪಂದ ಒಂದು ಜೀವಂತ ದಾಖಲೆ, ಅದನ್ನು ಇಂದಿನ ಬೆಳಕಿನಲ್ಲಿ ಓದಬೇಕು ಅಂದಿತು. ಏಟು ತಪ್ಪು ಅಂತ ತೀರ್ಪು ಕೊಟ್ಟಿತು. ಮೂರು ವರ್ಷದ ನಂತರ, 1981ರ ಡಡ್ಜನ್ ಪ್ರಕರಣದಲ್ಲಿ, ಉತ್ತರ ಐರ್ಲೆಂಡಿನಲ್ಲಿ ಗಂಡಸರ ನಡುವಿನ ಸಮ್ಮತಿಯ ಸಂಬಂಧವನ್ನು ಅಪರಾಧ ಅನ್ನುತ್ತಿದ್ದ ಕಾನೂನು ಬಿತ್ತು. ಮರುವರ್ಷವೇ ಸಂಸತ್ತು ಕಾನೂನು ಬದಲಾಯಿಸಿತು.

ಈ ಎರಡು ತೀರ್ಪುಗಳನ್ನು ಇವತ್ತು ಅಲ್ಲಿ ಹೆಚ್ಚಿನವರು ಪ್ರಶ್ನಿಸುವುದಿಲ್ಲ. ಆದರೆ ನಂತರ ಸರಿ ಅನ್ನಿಸಿತು ಅನ್ನುವುದರಿಂದ ಅಂದು ಕೋರ್ಟಿಗೆ ಅಧಿಕಾರ ಇತ್ತು ಅಂತ ಸಾಬೀತಾಗುವುದಿಲ್ಲ. ನನ್ನ ವಿದ್ಯಾರ್ಥಿಗಳಿಗೆ ಇದನ್ನು ಯಾವಾಗಲೂ ಹೇಳುತ್ತೇನೆ, ಯಾಕೆಂದರೆ ಕೋರ್ಟಿನ ಪರ ವಾದಿಸುವವರು ಮಾಡುವ ಸಾಮಾನ್ಯ ತಪ್ಪು ಇದು. ಕೋರ್ಟಿನ ಅಧಿಕಾರವನ್ನು ಒಪ್ಪಂದದ ಪದಗಳಲ್ಲೇ ತೋರಿಸಬೇಕು. ‘ಅಮಾನವೀಯ’, ‘ಅವಮಾನಕರ’, ‘ಖಾಸಗಿ ಬದುಕು’ ಇಂಥ ಅಗಲವಾದ ಪದಗಳನ್ನು ಬರೆದವರೇ ಬೇಕೆಂದು ಬಿಟ್ಟಿದ್ದರು. ಶಿಕ್ಷೆಗಳ ಪಟ್ಟಿ ಮಾಡಿ ಬರೆಯಬಹುದಿತ್ತು, ಬರೆಯಲಿಲ್ಲ. ಪಟ್ಟಿ ಮಾಡದೆ ಇದ್ದವರು ಮುಂದಿನವರಿಗೆ ಅರ್ಥ ಹೇಳುವ ಕೆಲಸ ಬಿಟ್ಟುಹೋದರು ಅಂತಲೇ ನಾನು ಓದುತ್ತೇನೆ.

ಈಗ ನನಗೆ ಎಲ್ಲಕ್ಕಿಂತ ಕಷ್ಟ ಅನ್ನಿಸುವ ಪ್ರಕರಣಕ್ಕೆ ಬರುತ್ತೇನೆ. ನಿಮ್ಮ ಪ್ರಶ್ನೆಯ ತಿರುಳು ಅದರಲ್ಲೇ ಇದೆ.

ಉರುಗ್ವೆಯಲ್ಲಿ 1973ರಿಂದ 1985ರವರೆಗೆ ಸೇನಾ ಸರ್ವಾಧಿಕಾರ ಇತ್ತು. ಪ್ರಜಾಪ್ರಭುತ್ವ ಮರಳಿದ ಮೇಲೆ, 1986ರಲ್ಲಿ, ಸಂಸತ್ತು ಒಂದು ಕಾನೂನು ತಂದಿತು. ಸರ್ವಾಧಿಕಾರದ ಕಾಲದಲ್ಲಿ ಸೈನಿಕರು, ಪೊಲೀಸರು ಮಾಡಿದ ಅಪರಾಧಗಳಿಗೆ ಶಿಕ್ಷೆ ಇಲ್ಲ ಅಂತ. ಇದು ಸೈನ್ಯ ತನಗೆ ತಾನೇ ಕೊಟ್ಟುಕೊಂಡ ಕ್ಷಮೆ ಅಲ್ಲ, ಜನ ಆರಿಸಿದ ಸಂಸತ್ತು ಮಾಡಿದ್ದು. ಅಷ್ಟೇ ಅಲ್ಲ, 1989ರಲ್ಲಿ ಜನಮತಗಣನೆ ನಡೆದಾಗ ಹೆಚ್ಚಿನವರು ಕಾನೂನು ಇರಲಿ ಅಂದರು. 2009ರಲ್ಲಿ ಇನ್ನೊಮ್ಮೆ ಮತಕ್ಕೆ ಹಾಕಿದಾಗ ಅದನ್ನು ರದ್ದು ಮಾಡಲು ಬೇಕಾದ ಅರ್ಧಕ್ಕಿಂತ ಜಾಸ್ತಿ ಮತ ಸಿಗಲಿಲ್ಲ. ಇಪ್ಪತ್ತು ವರ್ಷದ ಅಂತರದಲ್ಲಿ ಎರಡು ಸಲ ಜನರನ್ನೇ ಕೇಳಲಾಗಿತ್ತು.

ಇನ್ನೊಂದು ಕಡೆ ಒಂದು ಕುಟುಂಬ. ಅರ್ಜೆಂಟೀನಾದ ಕವಿ ಹುವಾನ್ ಗೆಲ್ಮನ್ ಅವರ ಮಗ ಮತ್ತು ಗರ್ಭಿಣಿ ಸೊಸೆಯನ್ನು 1976ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಹಿಡಿದುಕೊಂಡು ಹೋದರು. ಮಗನನ್ನು ಕೊಂದರು. ಸೊಸೆ ಮರಿಯಾ ಕ್ಲಾಡಿಯಾಳನ್ನು ಗುಟ್ಟಾಗಿ ಉರುಗ್ವೆಗೆ ಸಾಗಿಸಿದರು. ಅಲ್ಲಿ ಆಕೆಗೆ ಹೆಣ್ಣು ಮಗು ಹುಟ್ಟಿತು. ಮಗುವನ್ನು ಒಬ್ಬ ಪೊಲೀಸ್ ಅಧಿಕಾರಿಯ ಮನೆಗೆ ಕೊಟ್ಟರು. ತಾಯಿ ಏನಾದಳು ಅನ್ನುವುದನ್ನು ಯಾರೂ ಹೇಳಲಿಲ್ಲ. ಅಜ್ಜ ಹುಡುಕುತ್ತಲೇ ಇದ್ದರು. 2000ದಲ್ಲಿ ಮೊಮ್ಮಗಳು ಮಕರೇನಾ ಸಿಕ್ಕಳು. ಆಗ ಅವಳಿಗೆ ಇಪ್ಪತ್ತು ದಾಟಿತ್ತು. ತಾಯಿಯನ್ನು ಕೊಂದವರು ಯಾರು ಅಂತ ತನಿಖೆ ಮಾಡಿ ಅಂದರೆ ಉರುಗ್ವೆಯ ಕಾನೂನು ಅಡ್ಡ ನಿಂತಿತ್ತು.

2011ರಲ್ಲಿ ಇಂಟರ್-ಅಮೆರಿಕನ್ ಕೋರ್ಟು ಈ ಕ್ಷಮಾದಾನ ಕಾನೂನಿಗೆ ಬೆಲೆ ಇಲ್ಲ ಅಂದಿತು. ಜನಮತಗಣನೆಯಲ್ಲಿ ಗೆದ್ದ ಮಾತ್ರಕ್ಕೆ ಅದು ಅಂತರರಾಷ್ಟ್ರೀಯ ಕಾನೂನಿನ ಮುಂದೆ ಸರಿಯಾಗುವುದಿಲ್ಲ, ಕೆಲವು ಹಕ್ಕುಗಳು ಬಹುಮತದ ಕೈಗೆ ಸಿಗದ ಜಾಗದಲ್ಲಿವೆ ಅನ್ನುವುದು ಅದರ ನಿಲುವು.

ಈ ತೀರ್ಪನ್ನು ಟೀಕಿಸಿದವರಲ್ಲಿ ಸರ್ವಾಧಿಕಾರದ ಗೆಳೆಯರು ಮಾತ್ರ ಇರಲಿಲ್ಲ. ಮಾನವ ಹಕ್ಕಿಗಾಗಿ ಬದುಕು ಕೊಟ್ಟ ಲ್ಯಾಟಿನ್ ಅಮೆರಿಕದ ಸಂವಿಧಾನ ತಜ್ಞರೂ ಇದ್ದರು. ಪೆರುವಿನಲ್ಲಿ ಫುಜಿಮೋರಿ ಸರಕಾರ ತನ್ನವರನ್ನು ಉಳಿಸಿಕೊಳ್ಳಲು ರಾತ್ರೋರಾತ್ರಿ ತಂದ ಕ್ಷಮಾದಾನಕ್ಕೂ, ಜನ ವರ್ಷಗಟ್ಟಲೆ ಚರ್ಚಿಸಿ ಎರಡು ಸಲ ಮತ ಹಾಕಿದ ಕ್ಷಮಾದಾನಕ್ಕೂ ಕೋರ್ಟು ವ್ಯತ್ಯಾಸವನ್ನೇ ನೋಡಲಿಲ್ಲ ಅನ್ನುವುದು ಅವರ ದೂರು. ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಿದರೆ ಪ್ರಜಾಪ್ರಭುತ್ವಕ್ಕೆ ಏನು ಗೌರವ ಕೊಟ್ಟ ಹಾಗಾಯಿತು?

ನನಗೆ ಈ ದೂರು ಅರ್ಧ ಸರಿ ಅನ್ನಿಸುತ್ತದೆ. ಕೋರ್ಟು ಆ ವ್ಯತ್ಯಾಸವನ್ನು ಎದುರಿಸಬೇಕಿತ್ತು. ಜನರ ಮತಕ್ಕೆ ಯಾಕೆ ತೂಕ ಕೊಡಲಾಗದು ಅಂತ ಪುಟಗಟ್ಟಲೆ ಬರೆಯಬೇಕಿತ್ತು. ಅದು ಬರೆದದ್ದು ಕಡಿಮೆಯಾಯಿತು. ಆದರೆ ತೀರ್ಪಿನ ಕೊನೆ ಮಾತು ಸರಿ ಅಂತಲೇ ನನ್ನ ನಂಬಿಕೆ. ಕಾರಣ ಸರಳ. ಕ್ಷಮಿಸುವ ಹಕ್ಕು ಯಾರದು? ಮಕರೇನಾಳ ತಾಯಿಯನ್ನು ಕೊಂದವರನ್ನು ನಾನು ನೀವು ಓಟು ಹಾಕಿ ಕ್ಷಮಿಸಲು ಬರುವುದಿಲ್ಲ. ತಾಯಿಯ ಎಲುಬು ಎಲ್ಲಿದೆ ಅಂತ ಮಗಳು ಕೇಳಿದರೆ ‘ಹೆಚ್ಚಿನವರಿಗೆ ಬೇಡ’ ಅನ್ನುವುದು ಉತ್ತರವಾಗುವುದಿಲ್ಲ. ಇಂಟರ್-ಅಮೆರಿಕನ್ ಒಪ್ಪಂದಕ್ಕೆ ಸಹಿ ಹಾಕಿದಾಗ ಉರುಗ್ವೆ ಮಾತು ಕೊಟ್ಟದ್ದು ತನ್ನ ಬಹುಮತಕ್ಕಲ್ಲ, ಇಂಥ ಒಬ್ಬೊಬ್ಬರಿಗೆ. ಆ ದೇಶದ ಅಧ್ಯಕ್ಷ ಹೊಸೆ ಮುಹಿಕಾ 2012ರಲ್ಲಿ ಬಹಿರಂಗ ಸಮಾರಂಭದಲ್ಲಿ ರಾಜ್ಯದ ಹೊಣೆಯನ್ನು ಒಪ್ಪಿಕೊಂಡರು. ಅವರೇ ಸರ್ವಾಧಿಕಾರದ ಕಾಲದಲ್ಲಿ ಹತ್ತಕ್ಕಿಂತ ಜಾಸ್ತಿ ವರ್ಷ ಜೈಲಿನಲ್ಲಿದ್ದವರು.

ಗೆಲ್ಮನ್ ಪ್ರಕರಣದ ಪಕ್ಕದಲ್ಲಿ ಬ್ರಿಟನ್ನಿನ ಕೈದಿಗಳ ಮತದಾನದ ಗಲಾಟೆ ಚಿಕ್ಕದು. ಸದ್ದು ಮಾತ್ರ ಬಹಳ ಜೋರಾಗಿತ್ತು. 2005ರ ಹರ್ಸ್ಟ್ ತೀರ್ಪು ಹೇಳಿದ್ದು ಇಷ್ಟೇ: ಶಿಕ್ಷೆ ಚಿಕ್ಕದೋ ದೊಡ್ಡದೋ ನೋಡದೆ ಎಲ್ಲ ಕೈದಿಗಳ ಮತದ ಹಕ್ಕನ್ನೂ ಒಟ್ಟಾಗಿ ಕಿತ್ತುಕೊಳ್ಳುವುದು ಸರಿಯಲ್ಲ. ಎಲ್ಲ ಕೈದಿಗಳಿಗೂ ಮತ ಕೊಡಿ ಅಂತ ಅದು ಎಲ್ಲೂ ಹೇಳಲಿಲ್ಲ. ಆದರೂ ಮುಂದೆ ಪ್ರಧಾನಿಯಾದ ಡೇವಿಡ್ ಕ್ಯಾಮರಾನ್ ಆ ಯೋಚನೆಯೇ ತಮಗೆ ಮೈ ಕೆಡಿಸುತ್ತದೆ ಅಂದರು. 2011ರ ಫೆಬ್ರವರಿಯಲ್ಲಿ ಕೆಳಮನೆ 234–22 ಮತಗಳಿಂದ ತೀರ್ಪಿನ ವಿರುದ್ಧ ನಿಂತಿತು. ಕೊನೆಗೆ ಏನಾಯಿತು? ತಾತ್ಕಾಲಿಕವಾಗಿ ಹೊರಗೆ ಬಿಟ್ಟ ಕೆಲವು ಕೈದಿಗಳು ಮತ ಹಾಕಬಹುದು ಅನ್ನುವಂಥ ಸಣ್ಣ ಬದಲಾವಣೆ. ತೀರ್ಪುಗಳ ಪಾಲನೆ ನೋಡಿಕೊಳ್ಳುವ, ಸದಸ್ಯ ದೇಶಗಳ ಮಂತ್ರಿಗಳ ಸಮಿತಿ ಅದಕ್ಕೇ ಒಪ್ಪಿ, 2018ರಲ್ಲಿ ಕಡತ ಮುಚ್ಚಿತು. ಹದಿಮೂರು ವರ್ಷದ ಜಗಳಕ್ಕೆ ಅಷ್ಟೇ ಫಲ. ಅತಿಯಾದ ಹಸ್ತಕ್ಷೇಪ ಅನ್ನುವ ಮಾತನ್ನು ಕೇಳಿದಾಗಲೆಲ್ಲ ಮೂಲ ತೀರ್ಪನ್ನು ತೆಗೆದು ಓದುವ ಅಭ್ಯಾಸ ನನಗೆ ಬಂದದ್ದು ಈ ಪ್ರಕರಣದಿಂದ.

ಕೋರ್ಟು ತಾನಾಗಿಯೇ ಹಿಂದೆ ಸರಿಯುವುದೂ ಉಂಟು. 1976ರ ಹ್ಯಾಂಡಿಸೈಡ್ ಪ್ರಕರಣದಿಂದ ಒಂದು ತತ್ವ ಗಟ್ಟಿಯಾಯಿತು, ಅದನ್ನು ‘ಮಾರ್ಜಿನ್ ಆಫ್ ಅಪ್ರಿಸಿಯೇಷನ್’ ಅನ್ನುತ್ತಾರೆ. ಸರಳವಾಗಿ, ದೇಶಕ್ಕೆ ಬಿಟ್ಟ ಜಾಗ. ನೀತಿ, ಧರ್ಮ, ಭದ್ರತೆಯಂಥ ವಿಷಯದಲ್ಲಿ ಸ್ಥಳೀಯರಿಗೆ ಹೆಚ್ಚು ಗೊತ್ತಿರುತ್ತದೆ, ಅವರಿಗೆ ಜಾಗ ಬಿಡೋಣ ಅನ್ನುವುದು. ಇಟಲಿಯ ಸರಕಾರಿ ಶಾಲೆಗಳ ಗೋಡೆಯಲ್ಲಿ ಶಿಲುಬೆ ಇರಬಾರದು ಅಂತ 2009ರಲ್ಲಿ ಏಳು ಜಡ್ಜ್‌ಗಳ ಪೀಠ ಒಮ್ಮತದಿಂದ ಹೇಳಿತ್ತು. ಹಲವು ದೇಶಗಳು ಇಟಲಿಯ ಪರ ನಿಂತವು. 2011ರಲ್ಲಿ ದೊಡ್ಡ ಪೀಠ 15–2ರಿಂದ ತೀರ್ಪು ತಿರುಗಿಸಿ, ಇದು ಇಟಲಿಗೆ ಬಿಟ್ಟ ವಿಷಯ ಅಂದಿತು. ಕೋರ್ಟು ಕಿವಿಗೊಟ್ಟಿತು ಅಂತ ಕೆಲವರು ಮೆಚ್ಚಿದರು. ಹೆದರಿತು ಅಂತ ಇನ್ನು ಕೆಲವರು ಬೈದರು. ನನಗೆ ಎರಡರಲ್ಲೂ ಸ್ವಲ್ಪ ನಿಜ ಕಾಣುತ್ತದೆ. ಈ ‘ಜಾಗ’ ಎಷ್ಟು ಅಗಲ ಅನ್ನುವುದಕ್ಕೆ ಅಳತೆಗೋಲೇ ಇಲ್ಲ. ಒಂದು ಪ್ರಕರಣದಲ್ಲಿ ಗದ್ದೆಯಷ್ಟು, ಇನ್ನೊಂದರಲ್ಲಿ ಅಂಗೈಯಷ್ಟು. ವಕೀಲರಿಗೆ ಮುಂಚೆ ಊಹಿಸಲು ಆಗದ ಕಾನೂನು ಒಳ್ಳೆಯ ಕಾನೂನಲ್ಲ. ಇದು ಕೋರ್ಟಿನ ನಿಜವಾದ ದೋಷ.

ದೋಷಗಳ ಮಾತು ಬಂದಾಗ ಇನ್ನೂ ಕೆಲವನ್ನು ಹೇಳಲೇಬೇಕು. 2011ರ ಹೊತ್ತಿಗೆ ಸ್ಟ್ರಾಸ್‌ಬರ್ಗ್‌ನಲ್ಲಿ ಒಂದೂವರೆ ಲಕ್ಷಕ್ಕಿಂತ ಜಾಸ್ತಿ ಅರ್ಜಿಗಳು ಬಾಕಿ ಬಿದ್ದಿದ್ದವು. ಅದನ್ನು ಕರಗಿಸಲು ಒಬ್ಬರೇ ಜಡ್ಜ್ ಅರ್ಜಿ ತಿರಸ್ಕರಿಸುವ ವ್ಯವಸ್ಥೆ 2010ರಿಂದ ಇತ್ತು. ಅರ್ಜಿದಾರರಿಗೆ ಸಿಗುತ್ತಿದ್ದದ್ದು ಕಾರಣವೇ ಇಲ್ಲದ ಒಂದು ಸಣ್ಣ ಕಾಗದ. ಎಲ್ಲ ಸರಕಾರಗಳಿಗೂ ‘ಕಾರಣ ಕೊಡಿ’ ಅನ್ನುವ ಕೋರ್ಟು ತಾನೇ ಕಾರಣ ಕೊಡದೆ ಸಾವಿರಾರು ಜನರನ್ನು ವಾಪಸ್ ಕಳಿಸಿತು. ಚಿಕ್ಕದಾಗಿಯಾದರೂ ಕಾರಣ ಬರೆಯಲು ಶುರು ಮಾಡಿದ್ದು 2017ರಲ್ಲಿ. 2022ರ ಜೂನ್ 14ರಂದು ಬ್ರಿಟನ್ನಿನಿಂದ ರುವಾಂಡಾಕ್ಕೆ ಆಶ್ರಯ ಬೇಡಿದವರನ್ನು ಕಳಿಸುವ ವಿಮಾನ ಇದೇ ಕೋರ್ಟಿನ ಮಧ್ಯಂತರ ತಡೆಯಿಂದ ನಿಂತಿತು. ತಡೆ ಕೊಟ್ಟ ಜಡ್ಜ್ ಯಾರು ಅನ್ನುವುದನ್ನೇ ಆಗ ಹೇಳಲಿಲ್ಲ. ತಡೆ ಸರಿಯಾಗಿತ್ತು ಅಂತ ನನ್ನ ಅಭಿಪ್ರಾಯ. ಮರುವರ್ಷ ಬ್ರಿಟನ್ನಿನ ಸುಪ್ರೀಂ ಕೋರ್ಟೇ ಆ ಯೋಜನೆ ಕಾನೂನಿಗೆ ವಿರುದ್ಧ ಅಂದಿತು. ಆದರೆ ಹೆಸರು ಮುಚ್ಚಿಟ್ಟದ್ದು ತಪ್ಪು. ಟೀಕೆ ಬಂದ ಮೇಲೆ ನಿಯಮ ಬದಲಾಗಿ, ಈಗ ಹೆಸರು ಹೇಳುತ್ತಾರೆ. ನೋಡಿ, ಇಲ್ಲಿ ಟೀಕೆ ಕೋರ್ಟನ್ನು ಒಳ್ಳೆಯದು ಮಾಡಿತು.

ಜಡ್ಜ್‌ಗಳಲ್ಲಿ ಕೆಲವರು ಹಿಂದೆ ಕೆಲಸ ಮಾಡಿದ ಸ್ವಯಂಸೇವಾ ಸಂಸ್ಥೆಗಳೇ ಮುಂದೆ ಅರ್ಜಿದಾರರಾಗಿ ಬರುವುದು, ಸರಕಾರಗಳು ಮೂರು ಹೆಸರಿನಲ್ಲಿ ಒಂದನ್ನು ಮಾತ್ರ ಗಟ್ಟಿ ಮಾಡಿ ಉಳಿದೆರಡನ್ನು ಲೆಕ್ಕಕ್ಕೆ ಸೇರಿಸುವುದು, ಇವೂ ನಿಜವಾದ ಸಮಸ್ಯೆಗಳೇ.

2024ರ ಏಪ್ರಿಲ್‌ನಲ್ಲಿ ಸ್ವಿಟ್ಜರ್ಲೆಂಡಿನ ವಯಸ್ಸಾದ ಮಹಿಳೆಯರ ಸಂಘವೊಂದು ಗೆದ್ದಿತು. ಬಿಸಿಲಿನ ಅಲೆಗಳು ತಮ್ಮಂಥವರ ಜೀವಕ್ಕೆ ಅಪಾಯ, ಸರಕಾರ ಹವಾಮಾನ ಬದಲಾವಣೆಗೆ ಸಾಕಷ್ಟು ಮಾಡುತ್ತಿಲ್ಲ ಅನ್ನುವುದು ದೂರು. 16–1ರಿಂದ ಕೋರ್ಟು ಅವರ ಖಾಸಗಿ ಬದುಕಿನ ಹಕ್ಕಿಗೆ ಧಕ್ಕೆಯಾಗಿದೆ ಅಂದಿತು. ಜೂನ್‌ನಲ್ಲಿ ಸ್ವಿಸ್ ಸಂಸತ್ತಿನ ಎರಡೂ ಮನೆಗಳು ಇದು ಕೋರ್ಟಿನ ಅತಿ ಅಂತ ಘೋಷಣೆ ಹೊರಡಿಸಿದವು. ಇಲ್ಲಿ ನಾನು ಟೀಕಾಕಾರರ ಹತ್ತಿರ ಹೋಗುತ್ತೇನೆ. ಹೊಗೆ ಎಷ್ಟು ಬಿಡಬೇಕು ಅನ್ನುವುದಕ್ಕೆ ತೆರಿಗೆ, ವಿದ್ಯುತ್, ಕೆಲಸ ಎಲ್ಲ ಸೇರಿದೆ. ಅದನ್ನು ತೂಗುವುದು ಸಂಸತ್ತಿನ ಕೆಲಸ. ಕೋರ್ಟಿಗೂ ಇದು ಗೊತ್ತಿತ್ತು ಅನ್ನಿಸುತ್ತದೆ. ಏನು ಮಾಡಬೇಕು ಅನ್ನುವುದನ್ನು ಅದು ದೇಶಕ್ಕೇ ಬಿಟ್ಟಿತು. ಅದೇ ದಿನ ಪೋರ್ಚುಗಲ್‌ನ ಯುವಜನರ ದೊಡ್ಡ ಅರ್ಜಿಯನ್ನು ಬಾಗಿಲಲ್ಲೇ ತಿರಸ್ಕರಿಸಿತು. ಆದರೂ ಈ ದಾರಿಯಲ್ಲಿ ಇನ್ನೂ ಮುಂದೆ ಹೋದರೆ ಕೋರ್ಟು ತನ್ನ ಕಾಲ ಕೆಳಗಿನ ನೆಲವನ್ನೇ ಸಡಿಲ ಮಾಡಿಕೊಳ್ಳುತ್ತದೆ ಅನ್ನುವ ಭಯ ನನಗಿದೆ.

2025ರ ಮೇನಲ್ಲಿ ಇಟಲಿ, ಡೆನ್ಮಾರ್ಕ್ ಸೇರಿ ಒಂಬತ್ತು ದೇಶಗಳ ನಾಯಕರು ಬಹಿರಂಗ ಪತ್ರ ಬರೆದರು. ನೀವು ಕೇಳಿರುವುದು ಬಹುಶಃ ಇದನ್ನೇ. ಅಪರಾಧ ಮಾಡಿದ ವಿದೇಶಿಯರನ್ನು ಹೊರಹಾಕುವಲ್ಲಿ ಕೋರ್ಟು ತಮ್ಮ ಕೈ ಕಟ್ಟುತ್ತಿದೆ, ಒಪ್ಪಂದದ ವ್ಯಾಪ್ತಿಯನ್ನು ಅತಿಯಾಗಿ ಹಿಗ್ಗಿಸಿದೆಯೇ ಅಂತ ಚರ್ಚೆಯಾಗಲಿ ಅನ್ನುವುದು ಅವರ ಮಾತು. ಚರ್ಚೆ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಸರಕಾರಗಳಿಗೆ ಇದಕ್ಕೆಂದೇ ದಾರಿಗಳಿವೆ. ಬೇರೆ ದೇಶದ ಪ್ರಕರಣದಲ್ಲೂ ಹೋಗಿ ವಾದ ಮಂಡಿಸಬಹುದು. ಒಪ್ಪಂದವನ್ನೇ ತಿದ್ದಬಹುದು. 2012ರಲ್ಲಿ ಬ್ರೈಟನ್‌ನಲ್ಲಿ ಸೇರಿ ಚರ್ಚಿಸಿ, ‘ದೇಶಕ್ಕೆ ಬಿಟ್ಟ ಜಾಗ’ ಅನ್ನುವುದನ್ನು ಒಪ್ಪಂದದ ಪೀಠಿಕೆಗೇ ಸೇರಿಸಲು ನಿರ್ಧರಿಸಿದರು. ಆ ತಿದ್ದುಪಡಿ 2021ರಲ್ಲಿ ಜಾರಿಗೆ ಬಂತು. ಅದು ಸರಿಯಾದ ಕ್ರಮ. ಬಾಕಿ ಪ್ರಕರಣಗಳು ಮುಂದಿರುವಾಗ ಪ್ರಧಾನಿಗಳು ಜಡ್ಜ್‌ಗಳಿಗೆ ಕೇಳುವಂತೆ ಬಹಿರಂಗ ಪತ್ರ ಬರೆಯುವುದು ಹಾಗಲ್ಲ. ಇದೇ ಕೆಲಸವನ್ನು ಯಾವುದಾದರೂ ಪ್ರಧಾನಿ ಸ್ವಂತ ದೇಶದ ಸುಪ್ರೀಂ ಕೋರ್ಟಿಗೆ ಮಾಡಿದರೆ ಅದನ್ನು ಒತ್ತಡ ಅನ್ನುತ್ತೇವೆ.

‘ಕೇಳೋಕೆ ನೀವ್ಯಾರು’ ಅನ್ನುವುದರ ನಿಜವಾದ ರೂಪ ನೋಡಬೇಕಾದರೆ ಆಫ್ರಿಕಾಕ್ಕೆ ಬರಬೇಕು. ನಮೀಬಿಯಾದ ವಿಂಡ್‌ಹುಕ್‌ನಲ್ಲಿ ದಕ್ಷಿಣ ಆಫ್ರಿಕಾ ಭಾಗದ ದೇಶಗಳ ಒಂದು ನ್ಯಾಯಮಂಡಳಿ ಇತ್ತು. 2008ರಲ್ಲಿ ಅದು ಜಿಂಬಾಬ್ವೆಯಲ್ಲಿ ಪರಿಹಾರ ಕೊಡದೆ, ಕೋರ್ಟಿಗೂ ಹೋಗಲು ಬಿಡದೆ ಬಿಳಿಯ ರೈತರ ಜಮೀನು ಕಿತ್ತುಕೊಂಡದ್ದು ತಪ್ಪು ಅಂದಿತು. ಈ ತೀರ್ಪನ್ನು ವಿರೋಧಿಸಿದವರ ಮಾತಿನಲ್ಲೂ ನೋವಿತ್ತು. ಆ ಜಮೀನು ಮೊದಲು ಕರಿಯರಿಂದ ಕಿತ್ತುಕೊಂಡದ್ದೇ ಆಗಿತ್ತು. ಅದನ್ನು ಯಾವ ಅಂತರರಾಷ್ಟ್ರೀಯ ಕೋರ್ಟೂ ಕೇಳಿರಲಿಲ್ಲ. ಈ ಮಾತಿಗೆ ನಾನು ತಲೆಬಾಗುತ್ತೇನೆ. ಆದರೆ ನಾಯಕರು ಮಾಡಿದ್ದೇನು? 2010ರಲ್ಲಿ ನ್ಯಾಯಮಂಡಳಿಯ ಕೆಲಸ ನಿಲ್ಲಿಸಿದರು. 2012ರಲ್ಲಿ ಇನ್ನು ಮುಂದೆ ದೇಶಗಳು ಮಾತ್ರ ಬರಬಹುದು, ಜನ ಬರುವಂತಿಲ್ಲ ಅಂತ ತೀರ್ಮಾನಿಸಿದರು. ಬಿಳಿಯ ರೈತನಿಗೆ ಮುಚ್ಚಿದ ಬಾಗಿಲು ಆ ಭಾಗದ ಕೋಟಿಗಟ್ಟಲೆ ಕಪ್ಪು ಬಡವರಿಗೂ ಮುಚ್ಚಿತು. 2018ರಲ್ಲಿ ದಕ್ಷಿಣ ಆಫ್ರಿಕಾದ ಸಂವಿಧಾನ ಕೋರ್ಟು ತನ್ನ ಅಧ್ಯಕ್ಷರು ಇದಕ್ಕೆ ಸಹಿ ಹಾಕಿದ್ದೇ ಕಾನೂನಿಗೆ ವಿರುದ್ಧ ಅಂದಿತು.

ಅರುಷಾದ ಆಫ್ರಿಕಾ ಕೋರ್ಟಿನಲ್ಲೂ ಇದೇ ಕಥೆ. ಅಲ್ಲಿ ಜನ ನೇರವಾಗಿ ಕೋರ್ಟಿಗೆ ಹೋಗಬೇಕಾದರೆ ಅವರ ದೇಶ ಬೇರೆಯೇ ಒಂದು ಒಪ್ಪಿಗೆ ಬರೆದುಕೊಡಬೇಕು. ರುವಾಂಡಾ 2016ರಲ್ಲಿ ಆ ಒಪ್ಪಿಗೆ ವಾಪಸ್ ಪಡೆಯಿತು. 2019ರಲ್ಲಿ ತಾಂಜಾನಿಯಾ, 2020ರಲ್ಲಿ ಬೆನಿನ್ ಮತ್ತು ಐವರಿ ಕೋಸ್ಟ್. ತಾಂಜಾನಿಯಾ ಕೋರ್ಟಿಗೆ ಜಾಗ ಕೊಟ್ಟ ದೇಶ. ಅದರ ವಿರುದ್ಧವೇ ಅತಿ ಹೆಚ್ಚು ಅರ್ಜಿಗಳಿದ್ದವು. ಒಪ್ಪಂದವನ್ನು ಅವರು ಯಾರೂ ಬಿಡಲಿಲ್ಲ. ಕೋರ್ಟಿನ ಫಲಕ ಇರಲಿ, ನಮ್ಮ ಪ್ರಜೆ ಮಾತ್ರ ಒಳಗೆ ಬರುವುದು ಬೇಡ ಅನ್ನುವ ಲೆಕ್ಕ. ನಾನು ಟೀಕೆಯನ್ನು ಅಳೆಯುವುದು ಇಲ್ಲೇ. ಟೀಕೆಯ ಕೊನೆಗೆ ನಿಯಮ ಬದಲಾದರೆ ಅದು ಒಂದು ಥರ. ಒಬ್ಬ ಕೈದಿಗೆ, ಒಬ್ಬ ಪತ್ರಕರ್ತನಿಗೆ, ಒಂದು ಬುಡಕಟ್ಟಿಗೆ ಬಾಗಿಲು ಮುಚ್ಚಿದರೆ ಅದು ಇನ್ನೊಂದು ಥರ.

ಪೊಲೀಸರಿಲ್ಲ ಅನ್ನುವ ನಿಮ್ಮ ಮಾತು ನಿಜ. ಮೌ ಕಾಡಿನಿಂದ ಓಗಿಯೆಕ್ ಬುಡಕಟ್ಟಿನ ಜನರನ್ನು ಎಬ್ಬಿಸಿದ್ದು ತಪ್ಪು ಅಂತ 2017ರಲ್ಲಿ ಆಫ್ರಿಕಾ ಕೋರ್ಟು ಕೀನ್ಯಾಕ್ಕೆ ಹೇಳಿತು, 2022ರಲ್ಲಿ ಪರಿಹಾರವನ್ನೂ ಗೊತ್ತುಮಾಡಿತು. 2023ರಲ್ಲಿ ಅಲ್ಲಿ ಮತ್ತೆ ಮನೆಗಳನ್ನು ಕೆಡವಿದರು. ಜೈಲಿನಲ್ಲಿದ್ದ ಟರ್ಕಿಯ ಉದ್ಯಮಿ, ಹಕ್ಕುಗಳ ಕಾರ್ಯಕರ್ತ ಒಸ್ಮಾನ್ ಕವಾಲಾ ಅವರನ್ನು ಬಿಡಿ ಅಂತ ಸ್ಟ್ರಾಸ್‌ಬರ್ಗ್ 2019ರಲ್ಲಿ ಹೇಳಿತು. 2022ರಲ್ಲಿ ಟರ್ಕಿ ತೀರ್ಪು ಪಾಲಿಸಿಲ್ಲ ಅಂತ ದೊಡ್ಡ ಪೀಠ ಇನ್ನೊಮ್ಮೆ ಹೇಳಿತು. ಅಷ್ಟರಲ್ಲಿ ಅಲ್ಲಿನ ಕೋರ್ಟು ಅವರಿಗೆ ಜೀವಾವಧಿ ಶಿಕ್ಷೆ ಕೊಟ್ಟಾಗಿತ್ತು. ಇದನ್ನು ಬರೆಯುವಾಗ ನನಗೆ ಸಂಕಟವಾಗುತ್ತದೆ. ಆದರೆ ಅಜರ್‌ಬೈಜಾನಿನ ವಿರೋಧ ಪಕ್ಷದ ನಾಯಕ ಇಲ್ಗಾರ್ ಮಮ್ಮದೋವ್ 2018ರಲ್ಲಿ ಜೈಲಿನಿಂದ ಹೊರಗೆ ಬಂದದ್ದು, ತೀರ್ಪು ಪಾಲಿಸದ ದೇಶವನ್ನು ಮತ್ತೆ ಕೋರ್ಟಿನ ಮುಂದೆ ನಿಲ್ಲಿಸುವ ಇದೇ ಕ್ರಮದ ಒತ್ತಡದಿಂದ. ಯಾವಾಗ ಕೆಲಸ ಮಾಡುತ್ತದೆ ಅನ್ನುವುದು ಕೋರ್ಟಿಗಿಂತ ಹೆಚ್ಚಾಗಿ ಉಳಿದ ಸದಸ್ಯ ದೇಶಗಳ ಮೇಲೆ ನಿಂತಿದೆ. ಅವು ಸುಮ್ಮನಿದ್ದರೆ ತೀರ್ಪು ಕಾಗದವಾಗುತ್ತದೆ. ಹಾಗಾಗಿಯೇ ಒಳ್ಳೆಯ ದಾಖಲೆ ಇರುವ ದೇಶಗಳು ಈ ಕೋರ್ಟನ್ನು ಹಗುರ ಮಾಡಿದಾಗ ಅದರ ಬೆಲೆ ತೆರುವವರು ಬೇರೆ ದೇಶದ ಜೈಲುಗಳಲ್ಲಿ ಇರುತ್ತಾರೆ.

ಬೇಡವಾದರೆ ದೇಶಗಳು ಬಿಟ್ಟುಹೋಗಬಹುದೇ ಅಂತ ಮುಂದೆ ನೀವು ಕೇಳುತ್ತೀರಿ. ಹೋಗಬಹುದು. ವೆನೆಜುವೆಲಾ 2012ರಲ್ಲಿ ಇಂಟರ್-ಅಮೆರಿಕನ್ ಒಪ್ಪಂದ ಬಿಡುವುದಾಗಿ ತಿಳಿಸಿ, ಮರುವರ್ಷ ಹೊರಬಂತು. ರಷ್ಯಾವನ್ನು 2022ರಲ್ಲಿ ಕೌನ್ಸಿಲ್ ಆಫ್ ಯುರೋಪೇ ಹೊರಹಾಕಿತು. ಆ ವರ್ಷದ ಸೆಪ್ಟೆಂಬರ್ 16ರವರೆಗೆ ನಡೆದದ್ದಕ್ಕೆ ಅದು ಇನ್ನೂ ಉತ್ತರ ಕೊಡಬೇಕು. ಎಲ್ಲಕ್ಕಿಂತ ಹಳೆಯ ಉದಾಹರಣೆ ಗ್ರೀಸ್. 1967ರಲ್ಲಿ ಅಲ್ಲಿ ಸೈನ್ಯ ಅಧಿಕಾರ ಹಿಡಿದಾಗ ದೂರು ಕೊಟ್ಟದ್ದು ಡೆನ್ಮಾರ್ಕ್, ನಾರ್ವೆ, ಸ್ವೀಡನ್, ನೆದರ್‌ಲೆಂಡ್ಸ್. ಅವುಗಳ ಪ್ರಜೆಗಳಿಗೆ ಅಲ್ಲಿ ಏನೂ ಆಗಿರಲಿಲ್ಲ. ಗ್ರೀಕರ ಮೇಲೆ ಗ್ರೀಕ್ ಪೊಲೀಸರು ನಡೆಸುತ್ತಿದ್ದ ಚಿತ್ರಹಿಂಸೆ ತಮಗೂ ಸೇರಿದ ವಿಷಯ ಅಂತ ಅವು ಭಾವಿಸಿದವು. ಆಗ ಇದ್ದ ಮಾನವ ಹಕ್ಕು ಆಯೋಗ ವಿಚಾರಣೆ ಮಾಡಿ ಚಿತ್ರಹಿಂಸೆ ನಿಜ ಅಂತ ವರದಿ ಬರೆಯಿತು. ಹೊರಹಾಕುವ ಮುಂಚೆಯೇ, 1969ರ ಡಿಸೆಂಬರ್‌ನಲ್ಲಿ, ಗ್ರೀಸ್ ಕೌನ್ಸಿಲ್ ಬಿಟ್ಟುಹೋಯಿತು. ಸೇನಾ ಆಡಳಿತ ಬಿದ್ದ ವರ್ಷವೇ, 1974ರಲ್ಲಿ, ಮರಳಿ ಬಂತು.

ನೀವು ಕಾನೂನು ಓದುತ್ತಿರುವುದರಿಂದ ಒಂದು ಕೆಲಸ ಹೇಳುತ್ತೇನೆ. ಗ್ರೀಸ್ ಬಗ್ಗೆ ಆಯೋಗ ಬರೆದ ಆ ವರದಿಯನ್ನೂ, 2025ರ ಒಂಬತ್ತು ನಾಯಕರ ಪತ್ರವನ್ನೂ ಒಂದೇ ಮೇಜಿನ ಮೇಲೆ ಇಟ್ಟು ಓದಿ. ಡೆನ್ಮಾರ್ಕಿನ ಹೆಸರು ಎರಡರಲ್ಲೂ ಇದೆ. ಓದಿದ ಮೇಲೆ ನಿಮಗೆ ಅನ್ನಿಸಿದ್ದನ್ನು ನನಗೆ ಬರೆಯಿರಿ.